ಮಾಳಿಗೆ ಮೇಲಿನ ಒಕ್ಕಲುತನ

ಸುಭದ್ರಾಬಾಯಿಯ ಎರಡೂ ಮೊಣಕಾಲುಗಳು ಆ ವರ್ಷ ಮೊದಲೇ ಮಾತಾಡಿಕೊಂಡವರ ಹಾಗೆ ಒಟ್ಟಿಗೇ ಮುಷ್ಕರ ಹೂಡಿದವು. ಬಲಗಾಲನ್ನು ರಮಿಸಿ ಎಬ್ಬಿಸಿದರೆ ಎಡಗಾಲು ಮುನಿಸಿಕೊಳ್ಳುತ್ತಿತ್ತು, ಎಡಗಾಲಿಗೆ ಎಣ್ಣೆ ಹಚ್ಚಿ ಸಮಾಧಾನ ಮಾಡಿದರೆ ಬಲಗಾಲಿಗೆ ಹೊಟ್ಟೆಕಿಚ್ಚು. ಮನೆಯೊಳಗೆ ಓಡಾಡಲು ಅಡ್ಡಿಯಿರಲಿಲ್ಲ. ಗೋಡೆ ಹಿಡಿದು ಅಡುಗೆಮನೆಯವರೆಗೆ ಹೋಗಿ, ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಹಿಟ್ಟು ಹದಕ್ಕೆ ಬಂದಿಲ್ಲವೆಂದು ಸೊಸೆಗೆ ತಿಳಿಸಿ ಬರುವಷ್ಟು ತ್ರಾಣ ಇತ್ತು. (ಅಷ್ಟು ತ್ರಾಣ ಬೇಕಾಗಿರಲಿಲ್ಲ ಎಂಬುದು ಸೊಸೆ ಶಾರದಾಬಾಯಿಯ ಅಭಿಪ್ರಾಯ.) ಕೂತಲ್ಲಿಂದಲೇ ಒಂದೊಂದೇ ಮೆಟ್ಟಿಲು ಸರಿದು ಮಾಳಿಗೆಯನ್ನೂ ಏರುತ್ತಿದ್ದಳು. ಆದರೆ ಹೊಲಕ್ಕೆ ಹೋಗುವುದು ಮಾತ್ರ ನಿಂತುಹೋಯಿತು. ಖಜೂರಿ ಊರಿನಿಂದ ಬಂಡಿದಾರಿ ಹಿಡಿದು ಹಳ್ಳ ದಾಟಿ ಹೋಗಬೇಕಾದ ಹೊಲ. ನಡೆದರೆ ಮೊಣಕಾಲು ಬೈಯುತ್ತಿತ್ತು, ಬಂಡಿಯಲ್ಲಿ ಕೂತರೆ ಸೊಂಟ ಬೈಯುತ್ತಿತ್ತು.

ಇದನ್ನೇ ಕಾಯುತ್ತಿದ್ದವನಂತೆ ಮಗ ಜಗದೇವಪ್ಪ ಒಂದು ಸಂಜೆ ಊಟಕ್ಕೆ ಕೂತಾಗ ವಿಷಯ ತೆಗೆದ. ಅವನಿಗೆ ಲಾರಿ ರಸ್ತೆಯ ಮೇಲೆ ಕಿರಾಣಿ ಅಂಗಡಿ. ಮಹಾರಾಷ್ಟ್ರದ ಕಡೆ ಹೋಗುವ ಡ್ರೈವರುಗಳಿಗೆ ಬೀಡಿ, ಬೆಲ್ಲ, ಚಹಾಪುಡಿ ಮಾರುತ್ತ ನೆರಳಿನಲ್ಲಿ ಕೂತವನಿಗೆ ಕರಿಮಣ್ಣು ಅಂದರೆ ಚಪ್ಪಲಿಗೆ ಅಂಟುವ ವಸ್ತು, ಅಷ್ಟೇ.

"ಯವ್ವಾ, ಹೊಲಾ ಪಾಲಿಗಿ ಹಾಕಿಬಿಡೂನು."

"ಯಾರಿಗಿ?"

"ಮತ್ಯಾರಿಗಿ? ದೌಲತರಾಯ ಕಾಕಾಗ. ಬಾಜೂ ಹೊಲಾನೇ ಅವಂದು. ಎರಡೂ ಒಂದೇ ಸಲಕ್ಕ ಬಿತ್ತತಾನ, ಎರಡೂ ನೋಡ್ಕೋತಾನ."

ದೌಲತರಾಯ ಸುಭದ್ರಾಬಾಯಿಯ ಮೈದುನ, ತೀರಿಕೊಂಡ ಗಂಡನ ಬೆನ್ನಿಗೆ ಹುಟ್ಟಿದ ತಮ್ಮ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ನಡುವೆ ಒಂದು ಬದು ಬಿತ್ತು. ಊರ ಕಡೆಯ ಭಾಗ ಅಣ್ಣನಿಗೆ. ಅದರ ಹಿಂದಿನದು, ಬಾವಿ ಮತ್ತು ದೊಡ್ಡ ಬೇವಿನ ಮರ ಇರುವುದು, ತಮ್ಮನಿಗೆ. (ಮರ ತಮ್ಮನ ಪಾಲಿಗೆ ಯಾಕೆ ಹೋಯಿತು ಎಂಬುದನ್ನು ಸುಭದ್ರಾಬಾಯಿ ಯಾರು ಕೇಳಿದರೂ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.)

"ಅವನಿಗಾ? ಬದುವಿನ ಕಲ್ಲು ವರ್ಷಾ ವರ್ಷಾ ಗೇಣ್ ಗೇಣ್ ಇತ್ತ ಸರಸ್ಕೋತ ಬರಾಕತ್ಯಾನ. ನೀ ಆ ಕಲ್ಲೇ ಕಿತ್ತು ಅವನ ಕೈಯಾಗ ಕೊಡ್ತಿ?"

"ಕಲ್ಲು ಯಾರೂ ಸರಸಿಲ್ಲ. ನಿನ್ನ ಕಣ್ಣು ಸರದಾವ."

"ನನ್ನ ಕಣ್ಣು ಬರೋಬ್ಬರಿ ಅದಾವ. ನಿನ್ನ ಹೇಣ್ತಿ ಸಾರಿಗಿ ಕೊತ್ತಂಬ್ರಿ ಹಾಕಿಲ್ಲಂತ ಇಲ್ಲಿಂದಾನೇ ಕಾಣಾಕತ್ತದ."

ಒಲೆಯ ಮುಂದೆ ಸೌಟು ಪಾತ್ರೆಗೆ ಜೋರಾಗಿ ತಾಗಿತು.

ಸುಭದ್ರಾಬಾಯಿಗೆ ಅದು ಬರಿ ಹೊಲವಾಗಿರಲಿಲ್ಲ. ಗಂಡ ತೀರಿದ ವರ್ಷ ಊರಿನ ನಾಲ್ಕು ಹಿರಿಯರು ಇದೇ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಹೆಣ್ಣುಮಗಳು ಒಕ್ಕಲುತನ ಮಾಡಲಾರಳು, ದೌಲತರಾಯನಿಗೆ ಒಪ್ಪಿಸಿ ಕಾಳು ತಿಂದುಕೊಂಡು ಇರಲಿ ಎಂದಿದ್ದರು. ಮರುದಿನ ಅವಳೇ ಕೂರಿಗೆಯ ಹಿಂದೆ ನಿಂತಿದ್ದಳು. ಅಂದಿನಿಂದ ಆ ಹೊಲದ ಮೇಲೆ ಬೇರೆಯವರ ಮಾತು ನಡೆದಿರಲಿಲ್ಲ. ಈಗ ಹಿರಿಯರು ಬಿಟ್ಟ ಮಾತನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗ ಎತ್ತಿಕೊಂಡಿದ್ದ.

"ನೋಡು ಯವ್ವಾ," ಎಂದ ಜಗದೇವಪ್ಪ, "ನಿನಗ ಹೋಗಾಕ ಆಗಂಗಿಲ್ಲ, ನನಗ ಅಂಗಡಿ ಬಿಡಾಕ ಆಗಂಗಿಲ್ಲ. ನೋಡೋರಿಲ್ಲಂದ್ರ ಆಳು ಬದುವಿನ ಮ್ಯಾಲ ಅಡ್ಡಾಗ್ತಾನ, ದನಾ ಹೊಲದಾಗ ಅಡ್ಡಾಡ್ತಾವ. ನೋಡೋರು ಒಬ್ಬರು ಬೇಕು."

"ನೋಡೋರು ಬೇಕು. ಅಷ್ಟ ಹೌದಲ್ಲ? ನಾ ನೋಡ್ತೇನಿ."

"ಎಲ್ಲಿಂದ?"

"ಅದು ನನಗ ಬಿಡು."

ಎಲ್ಲಿಂದ ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ. ಆದರೆ ಮಾತು ಹೊರಬಿದ್ದಿತ್ತು. ಜಗದೇವಪ್ಪ ವ್ಯಾಪಾರಿ; ಕರಾರು ಮಾಡದೆ ಬಿಡುವವನಲ್ಲ. ಈ ಜೋಳದ ರಾಶಿಯಾಗುವ ತನಕ ಹೊಲ ಅವ್ವನ ಕೈಯಲ್ಲಿ. ಅಷ್ಟರೊಳಗೆ ದನ ಬಿದ್ದು ಬೆಳೆ ಹಾಳಾದರೆ ಮರುದಿನವೇ ಕಾಕಾನ ಕೈಗೆ. ಸುಭದ್ರಾಬಾಯಿ ವಿಭೂತಿ ಮುಟ್ಟಿ ಒಪ್ಪಿಕೊಂಡಳು.

ದಾರಿ ತೋರಿಸಿದವಳು ಘತ್ತರಗಿಯ ಭಾಗ್ಯವಂತಿ ತಾಯಿ. ಮುಂದಿನ ಹುಣ್ಣಿಮೆಗೆ ಮಗ ಸೊಸೆಯ ಜೊತೆ ಹೋಗಿ, ದರ್ಶನ ಮುಗಿಸಿ, ಭೀಮೆಯ ದಂಡೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಪಕ್ಕದಲ್ಲಿ ರಜೆಗೆ ಬಂದ ಮಿಲಿಟರಿ ಮನುಷ್ಯನೊಬ್ಬ ಆಚೆ ದಂಡೆಯನ್ನು ನೋಡುತ್ತಿದ್ದ.

"ಏನಪಾ ಅದು, ಕಣ್ಣಿಗಿ ಎರಡು ಬಾಟ್ಲಿ ಹಚ್ಗೊಂಡಿ?"

"ದುರ್ಬೀನ ಆಯಿ. ನೀವೂ ನೋಡ್ರಿ."

ಸುಭದ್ರಾಬಾಯಿ ಕಣ್ಣಿಟ್ಟದ್ದೇ ತಡ, ಆಚೆ ದಂಡೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಎದ್ದು ಬಂದು ಇವಳ ತೊಡೆಯ ಮೇಲೆ ಕೂತಂತಾಯಿತು. ಆಕೆಯ ಹಸಿರು ಬಳೆ ಕಂಡವು. ಬಳೆಗೆ ಅಂಟಿದ ನೊರೆ ಕಂಡಿತು. ಆಕೆ ಅಂಗಿಯ ಕಾಲರಿಗೆ ಸಾಬೂನು ಹಚ್ಚದೆ ಹಾಗೇ ಜಾಲಿಸುತ್ತಿದ್ದದ್ದೂ ಕಂಡಿತು.

"ಏ ತಂಗೀ, ಕಾಲರ್ ತಿಕ್ಕು!" ಎಂದು ಸುಭದ್ರಾಬಾಯಿ ಕೂಗಿದಳು. ದಂಡೆಯ ಮೇಲಿದ್ದ ಭಕ್ತಾದಿಗಳೆಲ್ಲ ತಂತಮ್ಮ ಕಾಲರ್ ಮುಟ್ಟಿ ನೋಡಿಕೊಂಡರು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ತೀರ್ಮಾನ ತಿಳಿಸಿದಳು. ತುಪ್ಪ ಮಾರಿ ಸೆರಗಿನ ಗಂಟಿನಲ್ಲಿ ಕೂಡಿಟ್ಟದ್ದು ಇದೆ. ಅದರಲ್ಲಿ ಬರುವಂಥ ದುರ್ಬೀನು ಬೇಕು, ಅದಕ್ಕಿಂತ ಮೇಲೆ ಒಂದು ಪೈಸೆ ಇಲ್ಲ. ಆದರೆ ವಸ್ತು ಮಾತ್ರ ಖಣಖಣ ಇರಬೇಕು. ಶಾರದಾಬಾಯಿ ಕಿಟಕಿಯ ಕಡೆ ತಿರುಗಿ ನಕ್ಕಳು. ನಗೆ ಗಾಜಿನಲ್ಲಿ ಕಂಡಿತು. ಸುಭದ್ರಾಬಾಯಿ ಅದನ್ನೂ ನೆನಪಿನಲ್ಲಿಟ್ಟುಕೊಂಡಳು.

ಮೊದಲು ಜಗದೇವಪ್ಪನೇ ಸೊಲ್ಲಾಪುರದಿಂದ ಒಂದು ತಂದ. ಕೆಂಪು ಪ್ಲಾಸ್ಟಿಕ್ಕಿನದು, ಕೊರಳಿಗೆ ಹಾಕಿಕೊಳ್ಳಲು ಹಳದಿ ದಾರ. ಸುಭದ್ರಾಬಾಯಿ ಅಂಗಳದಲ್ಲಿ ಕಟ್ಟಿದ ಎಮ್ಮೆಯನ್ನು ನೋಡಿದಳು, ದುರ್ಬೀನು ತೆಗೆದು ನೋಡಿದಳು, ಮತ್ತೆ ಹಾಕಿಕೊಂಡು ನೋಡಿದಳು.

"ಎಮ್ಮಿ ಇದ್ದಷ್ಟೇ ಅದ. ಕಾಮಣಿ ಆದಂಗ ಹಳದಿ ಬಣ್ಣ ಒಂದು ಹೆಚ್ಚಿಗಿ ಬಂದದ," ಎಂದು ವಾಪಸು ಕೊಟ್ಟಳು.

ಎರಡನೆಯದನ್ನು ತಂದವನು ಓಣಿಯ ಲಾರಿ ಡ್ರೈವರ್ ಇಮಾಮಸಾಬ. ಮುಂಬಯಿಯ ಬಂದರಿನಲ್ಲಿ ಸಿಕ್ಕ ಹಡಗಿನ ಮಾಲು, ಅಸಲಿ ವಿಲಾಯತಿ ಎಂದು ಆಣೆ ಹಾಕಿದ. ತೊಗಲಿನ ಪೆಟ್ಟಿಗೆ ನೋಡಿಯೇ ಜಗದೇವಪ್ಪ ಅರ್ಧ ಒಪ್ಪಿಬಿಟ್ಟ. ಸುಭದ್ರಾಬಾಯಿ ಅದನ್ನು ಕಣ್ಣಿಗಿಟ್ಟುಕೊಂಡು ಓಣಿಯ ತುದಿಯನ್ನು ನೋಡಿದಳು. ಆ ಹೊತ್ತಿಗೆ ಸರಿಯಾಗಿ ದೌಲತರಾಯ ಅಲ್ಲಿ ಹಾದುಹೋಗುತ್ತಿದ್ದ. ಅವಳು ಹಾವು ಮುಟ್ಟಿದವಳಂತೆ ದುರ್ಬೀನು ಕೆಳಗಿಳಿಸಿದಳು.

"ಇದು ಬ್ಯಾಡಪಾ ಇಮಾಮಸಾಬ."

"ಯಾಕ್ರಿ ಅಮ್ಮಾ? ಸಾಫ್ ಕಾಣಂಗಿಲ್ಲೇನು?"

"ಸಾಫೇ ಕಾಣ್ತದ. ಖರೇ ಒಂದಕ್ಕ ಎರಡು ಕಾಣ್ತದ. ದೌಲತರಾಯ ಇಬ್ಬರಾಗ್ಯಾರ. ನನಗ ಒಬ್ಬನ್ನ ನೋಡೂದೇ ಸಾಕಾಗ್ಯದ."

(ಎಲ್ಲೋ ಒಮ್ಮೆ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿದ ಮಾಲು ಅದು. ಹಾಗಾದರೆ ಎರಡು ಕಣ್ಣಿಗೆ ಎರಡು ಚಿತ್ರ ಕಾಣುತ್ತದೆ.)

ಹೀಗಾಗಿ ಗುಲ್ಬರ್ಗಾಕ್ಕೇ ಹೋಗಬೇಕಾಯಿತು. ಬಜಾರಿನಲ್ಲಿ ಶರಫುದ್ದೀನ ಎಂಬವನ ಚಷ್ಮಾದ ಅಂಗಡಿ. ಮೃದು ಮಾತಿನ, ಗಡ್ಡಕ್ಕೆ ಮೆಹಂದಿ ಹಚ್ಚಿದ ಸಜ್ಜನ. ಅವನು ಗಾಜಿನ ಕಪಾಟಿನಿಂದ ಎರಡು ದುರ್ಬೀನು ತೆಗೆದು ಮೆತ್ತೆಯ ಮೇಲಿಟ್ಟ. ಒಂದು ಸಣ್ಣದು, ಕೈಗೆ ಹಗುರ, ಯಾರೋ ಬಳಸಿ ಮಾರಿದ್ದು. ಇನ್ನೊಂದು ದೊಡ್ಡದು, ಕರ್ರಗೆ, ಒನಕೆಯ ಎರಡು ತುಂಡು ಜೋಡಿಸಿದ ಹಾಗೆ.

"ಅಮ್ಮಾಜಿ, ನನ್ನ ಮಾತು ಕೇಳ್ರಿ, ಈ ಸಣ್ಣದು ತಗೋರಿ. ಇದು ಎಂಟು ಪಟ್ಟು ದೊಡ್ಡದು ತೋರಸ್ತದ. ಬಸ್, ಅಷ್ಟು ಸಾಕು. ಒಳಗ ಗಾಜಿಗಿ ಬೂಷ್ಟು ಹಿಡದಿಲ್ಲ, ತಿರುಪು ಬಿಗಿ ಅದ, ಎರಡೂ ಕಣ್ಣಿಗಿ ಒಂದೇ ಚಿತ್ರ. ಕೈ ದೂರ ಚಾಚಿ ಹಿಡಿದು ನೋಡ್ರಿ, ಗಾಜಿನ್ಯಾಗ ಬೆಳಕಿನ ಬೊಟ್ಟು ಗುಂಡಗ ಅದ ಇಲ್ಲೋ? ಹಂಗಿದ್ರ ಮಾಲು ಚಲೋ ಅಂತ ತಿಳೀರಿ."

"ಆ ದೊಡ್ಡದು?"

"ಅದು ಇಪ್ಪತ್ತು ಪಟ್ಟು. ಬ್ಯಾಡ್ರಿ. ಭಾಳ ಭಾರ. ಕೈ ಜರಾ ನಡುಗಿದ್ರ ದುನಿಯಾನೇ ನಡಗ್ತದ. ಎಲ್ಲಿ ನೋಡಾಕತ್ತೇವಿ ಅಂಬೂದೇ ತಿಳಿಯಂಗಿಲ್ಲ. ಹಿಂದಿಂದು ಮುಂದಿಂದು ಕೂಡಿ ಒಂದೇ ಕಡಿ ಕುಂತಂಗ ಕಾಣ್ತಾವ. ಯಾರೂ ಒಯ್ಯವಲ್ಲರು, ಅದಕ್ಕೇ ಕಪಾಟಿನ್ಯಾಗ ಕುಂತದ."

ಸುಭದ್ರಾಬಾಯಿ ಅವಸರ ಮಾಡುವವಳಲ್ಲ. ಎರಡನ್ನೂ ಹೊರಗೆ ಕಟ್ಟೆಯ ಮೇಲೆ ತರಿಸಿ, ರಸ್ತೆಯ ಆ ತುದಿಯಲ್ಲಿದ್ದ ದರ್ಜಿಯನ್ನು ಒಂದೊಂದರಲ್ಲಿ ನೋಡಿದಳು.

"ಜಗದೇವಪ್ಪಾ, ದರ್ಜಿ ಕಡಿ ಹೋಗಿ ಸೂಜ್ಯಾಗಿನ ದಾರ ಹಸರೋ ಕರೇದೋ ಕೇಳಿ ಬಾ."

"ಯವ್ವಾ, ಮಂದಿ ಏನಂದಾರು!"

"ಹೋಗಿ ಬಾ ಅಂದೆ."

ಹೋಗಿ ಬಂದ. ಹಸಿರು. ದೊಡ್ಡದರಲ್ಲಿ ಹಸಿರು ಸರಿಯಾಗಿ ಕಂಡಿತ್ತು, ಸಣ್ಣದರಲ್ಲಿ ಕಪ್ಪೋ ಹಸಿರೋ ಎಂಬ ಅನುಮಾನ ಇತ್ತು. (ದೊಡ್ಡದರಲ್ಲಿ ನೋಡುವಾಗ ಅವಳು ಮೊಣಕೈಯನ್ನು ಅಂಗಡಿಯ ಕಂಬಕ್ಕೆ ಆನಿಸಿಕೊಂಡಿದ್ದಳು. ಇದನ್ನು ಆಗ ಯಾರೂ ಗಮನಿಸಲಿಲ್ಲ.)

ಆದರೆ ಅವಳ ಮನಸ್ಸು ನಿಂತದ್ದು ಹಸಿರು ದಾರದ ಮೇಲಲ್ಲ. ಗಂಡ ಬದುಕಿರುವಾಗ ಎತ್ತಿನ ವ್ಯಾಪಾರ ಮಾಡುತ್ತಿದ್ದ. ದನದ ಬಜಾರಿನಲ್ಲಿ ಅವಳು ಒಂದು ವಿದ್ಯೆ ಕಲಿತಿದ್ದಳು: ಮಾರುವವನು ಯಾವ ಎತ್ತಿನ ಗುಣಗಾನ ಮಾಡುತ್ತಾನೋ ಅದು ಕುಂಟು. ಯಾವುದನ್ನು 'ಅದು ಬ್ಯಾಡ್ರಿ' ಎಂದು ಹಿಂದಕ್ಕೆ ಕಟ್ಟುತ್ತಾನೋ ಅದನ್ನು ಮನೆಗೆ ಇಟ್ಟುಕೊಳ್ಳುವ ಹವಣಿಕೆ. ಶರಫುದ್ದೀನನ ಬಾಯಿಂದ 'ಬ್ಯಾಡ್ರಿ' ಹೊರಟ ಕ್ಷಣಕ್ಕೇ ದೊಡ್ಡ ದುರ್ಬೀನು ಖಜೂರಿಗೆ ಹೊರಟುಬಿಟ್ಟಿತ್ತು.

"ಜಗದೇವಪ್ಪಾ, ವಲ್ಲಿ ಹಾಕು," ಎಂದಳು ಗಂಭೀರವಾಗಿ.

ದನದ ಬಜಾರಿನಲ್ಲಿ ರೇಟು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಇಬ್ಬರ ಕೈಯ ಮೇಲೆ ಹೆಗಲ ವಲ್ಲಿ ಹೊದಿಸಿ, ಒಳಗೆ ಬೆರಳು ಹಿಡಿಹಿಡಿದು ಬೆಲೆ ಮುರಿಯುತ್ತಾರೆ. ಜಗದೇವಪ್ಪ ನಾಚುತ್ತ, ಶರಫುದ್ದೀನನ ಕೈಯ ಮೇಲೆ ವಲ್ಲಿ ಹರವಿ, ಅದರೊಳಗೆ ಕೈ ತೂರಿಸಿ ಅವನ ಬೆರಳು ಒತ್ತಿದ.

"ಅರೇ ಭಾಯಿ, ಏನ್ ಮಾಡಾಕತ್ತೀರಿ? ನನಗ ಲಗ್ನ ಆಗ್ಯಾದ್ರಿ!"

ವಿಷಯ ತಿಳಿಸಿ ಹೇಳಿದ ಮೇಲೂ ಆತ ಬೆರಳು ಕೊಡಲು ಒಪ್ಪಲಿಲ್ಲ. ನಡುಬಜಾರಿನಲ್ಲಿ, ಹತ್ತು ಜನ ಕೇಳುವಂತೆ, ಬಾಯಿಬಿಟ್ಟು ರೇಟು ಹೇಳಿಬಿಟ್ಟ. ಸುಭದ್ರಾಬಾಯಿ ಸೆರಗು ಮುಂದಕ್ಕೆ ಎಳೆದುಕೊಂಡಳು. ಆದರೂ ರೇಟು ತುಪ್ಪದ ಗಂಟಿನೊಳಗೇ ಕೂತಿತು. ಹೇಗೂ ಹೋಗದ ಮಾಲು, ಹೋಗಲಿ ಎಂದು ಆತ ಇಳಿಸಿದ್ದ. ಹೊರಡುವಾಗಲೂ, "ಅಮ್ಮಾಜಿ, ಇನ್ನೊಮ್ಮಿ ವಿಚಾರ ಮಾಡ್ರಿ" ಎಂದ.

"ನೋಡಿದೇನು," ಎಂದಳು ಸುಭದ್ರಾಬಾಯಿ ಬಸ್ಸಿನಲ್ಲಿ, ಮಗನಿಗೆ. "ಕೈ ಬಿಟ್ಟು ಹೋಗಾಕತ್ತದಂತ ಹ್ಯಾಂಗ ಸಂಕಟಪಟ್ಟ!"

ಮಾಳಿಗೆಯ ಮೇಲೆ ಒಕ್ಕಲುತನ ಶುರುವಾಯಿತು. ಮೊದಲ ದಿನವೇ ಒಂದು ಸಂಗತಿ ಸ್ಪಷ್ಟವಾಯಿತು: ಬರಿ ಕೈಯಲ್ಲಿ ಹಿಡಿದರೆ ಹೊಲವೆಲ್ಲ ಭೂಕಂಪಕ್ಕೆ ಸಿಕ್ಕಂತೆ ಕುಣಿಯುತ್ತಿತ್ತು. ಸುಭದ್ರಾಬಾಯಿ ಕೂತವಳ ಕಣ್ಣಿನೆತ್ತರಕ್ಕೆ ಬರುವ ಒಂದು ಬಿದಿರಿನ ಗಳ ತರಿಸಿದಳು. ಅದರ ತುದಿಗೆ ದುರ್ಬೀನು ಕಟ್ಟಿಸಿದಳು. ಗಳ ನೆಟ್ಟಗೆ ಹಿಡಿದು ನಿಲ್ಲಲು ಸೊಸೆಯನ್ನು ನೇಮಿಸಿದಳು.

ಆಮೇಲಿನ ದಿನಗಳು ಸುಭದ್ರಾಬಾಯಿಯ ರಾಜ್ಯಭಾರದ ದಿನಗಳು. ಕಳೆ ಕೀಳಲು ಹೋದ ಹೆಣ್ಣಾಳುಗಳು ಸಂಜೆ ಬಂದರೆ ಕಟ್ಟೆಯ ಮೇಲೆ ಕೂತ ನ್ಯಾಯಾಧೀಶೆ ವಿಚಾರಣೆ ಶುರುಮಾಡುತ್ತಿದ್ದಳು.

"ಗಂಗಾಬಾಯಿ, ಮಧ್ಯಾಹ್ನ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಹಚ್ಗೊಂಡು ತಿಂದಿ. ತಿಂದ ಮ್ಯಾಲ ಎಲಿ ಅಡಕಿ ಹಾಕ್ಕೊಂಡಿ. ಅದೂ ಆತು. ಆಮ್ಯಾಲ ಕಾಲು ಚಾಚಿ ಮಲಗಿದ್ದು ಯಾವ ಲೆಕ್ಕಕ್ಕ?"

ಗಂಗಾಬಾಯಿಯ ಕೈಯಲ್ಲಿದ್ದ ಕಳೆ ಕೀಳುವ ಕುರ್ಪಿ ಕೆಳಗೆ ಬಿತ್ತು. "ಯವ್ವಾ, ನಿಮ್ಮ ಮೈಮ್ಯಾಲ ತಾಯಿ ಬಂದಾಳೇನ್ರಿ?"

"ತಾಯಿ ಬಂದಿಲ್ಲ. ಗಾಜು ಬಂದದ."

ಊರಲ್ಲಿ ಮಾತು ಹಬ್ಬಿತು. ಬಯಲಿಗೆ ಹೋಗುವವರು ಹಳ್ಳದ ಆಚೆಯ ದಿಕ್ಕು ಬಿಟ್ಟು ಬೇರೆ ದಿಕ್ಕು ಹಿಡಿದರು. ಹೊಲದಲ್ಲಿ ಬೀಡಿ ಹಚ್ಚುವವರು ಮೊದಲು ಊರಿಗೆ ಬೆನ್ನು ತಿರುಗಿಸುತ್ತಿದ್ದರು.

ಇತ್ತ ಶಾರದಾಬಾಯಿಯ ರೊಟ್ಟಿಗಳು ಒಂದೊಂದಾಗಿ ಹಂಚಿನ ಮೇಲೆ ಕರ್ರಗಾಗುತ್ತ ಬಂದವು. ಒಂದು ದಿನ ಅವಳು ಗಳವನ್ನು ಗೋಡೆಗೆ ಒರಗಿಸಿ ಕೈ ಮುಗಿದಳು.

"ಅತ್ತೀರಿ, ನಿಮ್ಮ ದುರ್ಬೀನ ಹಿಡೀಲ್ಯಾ, ರೊಟ್ಟಿ ಬಡೀಲ್ಯಾ? ಎರಡರಾಗ ಒಂದ್ ಹೇಳ್ರಿ."

ರೊಟ್ಟಿ ಎನ್ನಲೇಬೇಕಾಯಿತು. ಹಾಗಾಗಿ ಗಳ ಹಿಡಿಯಲು ಆಳು ಹಣಮಂತ್ರಾಯನನ್ನು ಹೊಲದಿಂದ ಕರೆಸಿಕೊಂಡಳು. ಇಲ್ಲಿ ಒಂದು ಸೂಕ್ಷ್ಮವಿತ್ತು, ಅದನ್ನು ಹಣಮಂತ್ರಾಯನೇ ಗಳ ಹಿಡಿದುಕೊಂಡು ನಿಧಾನವಾಗಿ ಬಿಡಿಸಿ ಹೇಳಿದ.

"ಅವ್ವಾರ, ಈ ದುರ್ಬೀನ ತಂದಿದ್ದು ನಾ ಹೊಲಾ ಕಾಯ್ತೇನೋ ಇಲ್ಲೋ ಅಂತ ನೋಡಾಕ, ಹೌದಲ್ರಿ?"

"ಹೌದು."

"ನಾ ಹೊಲದಾಗ ಇದ್ರ ಇದನ್ನ ಹಿಡಿಯೋರಿಲ್ಲ. ನಾ ಇದನ್ನ ಹಿಡಿದ್ರ ನೋಡಾಕ ಹೊಲದಾಗ ನಾ ಇಲ್ಲ."

ಸುಭದ್ರಾಬಾಯಿ ದುರ್ಬೀನಿನಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಮಾತು ಎಲ್ಲಿಯೋ ಚುಚ್ಚಿತು. ಆದರೆ ಚುಚ್ಚಿದ ಜಾಗ ಸಿಗಲಿಲ್ಲ.

"ಗಳಾ ನೆಟ್ಟಗ ಹಿಡಿ," ಎಂದಳು.

ಜೋಳ ಹಾಲುಗಾಳು ಕಟ್ಟಿದ ಹೊತ್ತು. ಒಂದು ದಿನ ದೌಲತರಾಯ ಯಾರದೋ ಮದುವೆಗೆಂದು ಆಳಂದಕ್ಕೆ ಹೋಗಿದ್ದ. ಅವನ ದನ ಕಾಯುವವನು ಎಲ್ಲೋ ನೆರಳು ಹುಡುಕಿಕೊಂಡಿದ್ದ. ಸುಭದ್ರಾಬಾಯಿ ಎಂದಿನಂತೆ ತೆನೆಯ ಮೇಲೆ ಗಿಳಿ ಕೂತಿವೆಯೇ ಎಂದು ನೋಡುತ್ತಿದ್ದವಳು ಒಮ್ಮೆಲೇ ಮುಂದಕ್ಕೆ ಬಾಗಿದಳು.

"ಹಣಮಂತ್ರಾಯಾ, ಗಟ್ಟಿ ಹಿಡಿಯಪಾ. ಬೇವಿನ ಗಿಡದ ಬುಡಕ ಏನೋ ಕರ್ರಗ ಆಡಾಕತ್ತದ."

ಗಳ ಗಟ್ಟಿಯಾಯಿತು. ಕರ್ರಗಿನದಕ್ಕೆ ಕೋಡು ಮೂಡಿದವು. ಒಂದು ಕೋಡು ಮುರಿದಿತ್ತು.

"ದೌಲತ್ಯಾನ ಎಮ್ಮಿ! ಕ್ವಾಡ ಮುರದದ್ದು, ಬಾಲ ಬೋಳು ಇದ್ದದ್ದು, ಎಲ್ಲಾ ಅವನವೇ! ಜ್ವಾಳದಾಗ ಹೊಕ್ಕಾವ. ಅವನ ಎಮ್ಮಿ ಅವನ ಜ್ವಾಳಾನೇ ತಿನ್ನಾಕತ್ತಾವ!"

"ಓಡಿಹೋಗಿ ಹೊಡದು ಬರ್ಲೇನ್ರಿ ಅವ್ವಾರ? ಹಾಲುಗಾಳು, ಪಾಪ."

"ಸುಮ್ಮ ನಿಂದರು, ಗಳಾ ಅಲಗ್ತದ. ಅವನ ಎಮ್ಮಿ, ಅವನ ಜ್ವಾಳಾ. ತಿನ್ನಲಿ. ಶಾರದಾ! ಏ ಶಾರದಾ! ಹೋಗಿ ನಿನ್ನ ಗಂಡನ್ನ ಕರಕೊಂಡು ಬಾ. ಅವರ ಕಾಕಾನ ಕಾರಭಾರ ಕಣ್ಣಾರೆ ನೋಡ್ಲಿ!"

ಜಗದೇವಪ್ಪ ಗಿರಾಕಿಗೆ ತೂಗುತ್ತಿದ್ದ ಬೆಲ್ಲ ತೂಗಿ, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಬಂದು ಮೆಟ್ಟಿಲು ಹತ್ತುವ ತನಕ ಎಮ್ಮೆಗಳು ಬೇಸರವಿಲ್ಲದೆ ತಿಂದವು. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಇಮಾಮಸಾಬನ ಹೆಂಡತಿ ಶಮಶಾದಳೂ ಕಟ್ಟೆ ದಾಟಿ ಬಂದಳು. ಸುಭದ್ರಾಬಾಯಿ ಸರದಿಯ ಮೇಲೆ ಎಲ್ಲರಿಗೂ ತೋರಿಸಿದಳು.

"ಯಾ ಅಲ್ಲಾ," ಎಂದಳು ಶಮಶಾದ, "ಹಪ್ಪಳಾ ಮುರಿದಂಗ ಮುರೀಲಾಕತ್ತಾವ."

ಜಗದೇವಪ್ಪ ಕಣ್ಣಿಟ್ಟು ನೋಡಿದ. ಬೇವಿನ ಮರ ಸಂಶಯವಿಲ್ಲದೆ ಕಾಕಾನದು. ಎಮ್ಮೆ ಸಂಶಯವಿಲ್ಲದೆ ಕಾಕಾನವು. ಮರದ ಬುಡದಲ್ಲಿ ಎಮ್ಮೆ.

"ಇಂಥವನ ಕೈಯಾಗ ಹೊಲಾ ಕೊಡೂನು ಅಂದಿದ್ದೆಲ್ಲ?" ಎಂದಳು ಸುಭದ್ರಾಬಾಯಿ. ದನಿಯಲ್ಲಿ ಬೆಲ್ಲವಿತ್ತು. "ತನ್ನ ದನಾ ತನ್ನ ಬೆಳಿಯಿಂದ ಹೊರಗಿಡಾಕ ಬರವಲ್ದು. ನಮ್ಮದು ನೋಡ್ಕೋತಾನಂತ, ನೋಡ್ಕೋತಾನ."

ಜಗದೇವಪ್ಪ ತಲೆ ಕೆರೆದುಕೊಂಡ. "ನಂದೇ ತಪ್ಪಾತು ಯವ್ವಾ. ಹೊಲಾ ನಿನ್ನ ಕೈಯಾಗೇ ಇರ್ಲಿ."

ಸುಭದ್ರಾಬಾಯಿ ಚಹಾ ತರಿಸಿದಳು. ಹಣಮಂತ್ರಾಯನಿಗೂ ಒಂದು ಬಟ್ಟಲು ಕೊಡಿಸಿದಳು. (ಇದು ಆ ಮನೆಯಲ್ಲಿ ಹಬ್ಬದ ದಿನದ ಮರ್ಯಾದೆ.) ಚಹಾ ಕುಡಿದು ಮತ್ತೆ ಕಣ್ಣಿಟ್ಟಾಗ ಮದುವೆಯ ಹೊಸ ಧೋತರ ಮೇಲೆ ಕಟ್ಟಿಕೊಂಡು ದೌಲತರಾಯ ಓಡಿಬರುತ್ತಿದ್ದ, ಎಮ್ಮೆಗಳನ್ನು ಅಟ್ಟುತ್ತಿದ್ದ, ಹಣೆ ಚಚ್ಚಿಕೊಳ್ಳುತ್ತಿದ್ದ. ಕೊನೆಗೆ ಊರ ಕಡೆ ತಿರುಗಿ ನಿಂತ. ಸುಭದ್ರಾಬಾಯಿ ತಡೆಯಲಾರದೆ ಕೈ ಎತ್ತಿ ಬೀಸಿದಳು.

ಅವನು ಅದನ್ನು ಕರೆ ಎಂದುಕೊಂಡ. ನೇರ ಬಂದ. ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ತಲೆ ಕಾಣಿಸುತ್ತಲೇ ಕೈ ಮುಗಿದ. ಧೋತರದ ಜರಿ ಅಂಚಿಗೆ ಕೆಸರು ಮೆತ್ತಿತ್ತು.

"ವೈನಿ, ನಂದು ತಪ್ಪಾತ್ರಿ. ನನ್ನ ಎಮ್ಮಿ ನಿಮ್ಮ ಹೊಲಕ್ಕ ಬಿದ್ದಾವು."

ಸುಭದ್ರಾಬಾಯಿ ದುರ್ಬೀನಿನಿಂದ ಹಿಂದೆ ಸರಿದಳು.

"ಯಾರ ಹೊಲಕ್ಕ?"

"ನಿಮ್ಮ ಹೊಲಕ್ಕರಿ. ನಿಮ್ಮ ಜ್ವಾಳಾ ನಟ್ಟನಡುವ ಪೂರಾ ಸಾಫ್ ಮಾಡ್ಯಾವು."

"ಬೇವಿನ ಗಿಡದ ಬುಡಕಲ್ಲೇನೋ?"

"ಗಿಡಾ ಎಲ್ಲಿ, ಎಮ್ಮಿ ಎಲ್ಲಿ ವೈನಿ! ಎರಡರ ನಡುವ ನಂದೊಂದು ಇಡೀ ಹೊಲಾನೇ ಬಿದ್ದದ."

ಸುಭದ್ರಾಬಾಯಿ ಬರಿಗಣ್ಣಿನಿಂದ ಹೊಲದ ಕಡೆ ನೋಡಿದಳು. ಮೊದಲು ಅವಳ ಹೊಲ. ಆಮೇಲೆ ಬದು. ಆಮೇಲೆ ದೌಲತರಾಯನ ಹೊಲ. ಅದರ ಕೊನೆಗೆ, ಎಲ್ಲೋ ದೂರ, ಬೇವಿನ ಮರ. ಇಷ್ಟು ವರ್ಷ ಇದ್ದಲ್ಲೇ ಎಲ್ಲವೂ ಇತ್ತು. ಇಪ್ಪತ್ತು ಪಟ್ಟಿನ ಗಾಜು ಮಾತ್ರ ಆ ಮರವನ್ನು ಮುಂದಕ್ಕೆ ಎಳೆದು, ಬದುವನ್ನು ಅಳಿಸಿ, ಇವಳ ಜೋಳದಲ್ಲಿ ನಿಂತ ಎಮ್ಮೆಗಳ ಬೆನ್ನಿಗೆ ತಂದು ಆನಿಸಿಬಿಟ್ಟಿತ್ತು.

ದೌಲತರಾಯ ಬೆವರು ಒರೆಸಿಕೊಂಡ. "ನನಗ ಎಷ್ಟು ಹೊತ್ತು ತಿಂದಾವೋ ಗೊತ್ತಿಲ್ರಿ. ನಿಮ್ಮ ಬಲ್ಲಿ ದುರ್ಬೀನ ಅದ, ನೀವೇ ಹೇಳ್ರಿ. ಎಷ್ಟು ತಿಂದಾವು ಅಂತೀರೋ ಅಷ್ಟು ಕಾಳು ನನ್ನ ಕಣದಿಂದ ಅಳೆದು ಹಾಕ್ತೇನಿ. ನಿಮ್ಮ ಮಾತಿನ ಮ್ಯಾಲ ನಾ ಒಂದ್ ಮಾತ ಆಡಂಗಿಲ್ಲ. ನಾ ಬಂದಾಗಷ್ಟ ಕಂಡಾವೇನು, ಮೊದಲಿಂದ ಕಂಡಾವೇನು?"

ಇಂಥ ಪೇಚು ಯಾರಿಗೂ ಬರಬಾರದು. ಈಗಷ್ಟೇ ಕಂಡೆ ಎಂದರೆ ಕಾಳು ಹೋಯಿತು. ಮೊದಲಿಂದ ಕಂಡೆ ಎಂದರೆ ಮಾನ ಹೋಯಿತು. ಮಗ ಗಳದ ಆ ಕಡೆ ನಿಂತು ಕಾಯುತ್ತಿದ್ದ. ಸೊಸೆ ಚಹಾದ ಬಟ್ಟಲುಗಳನ್ನು ಒಂದರೊಳಗೊಂದು ಇಡುವ ಕೆಲಸವನ್ನು ಬಹಳ ನಿಧಾನವಾಗಿ ಮಾಡುತ್ತಿದ್ದಳು. ಆದರೆ ಸುಭದ್ರಾಬಾಯಿ ಕಾಳು ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಸೇರಿನ ತಲೆಯನ್ನು ಕೈಯಿಂದ ಸಮ ಮಾಡಿ ಅಳೆದ ಹೆಂಗಸು. ಕಂಡದ್ದನ್ನು ಕಂಡಿಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

"ಮೊದಲಿಂದ ನೋಡೀನಿ," ಎಂದಳು. "ಕ್ವಾಡ ಮುರದದ್ದು ಮೊದಲ ಹೊಕ್ತು. ಬಾಲ ಬೋಳಿದ್ದು ಅದರ ಹಿಂದ. ಕರಾ ಹೊಕ್ಕಿಲ್ಲ, ಅಂಚಿನ್ಯಾಗೇ ನಿಂತು ಎಲಿ ತಿಂತು. ಕ್ವಾಡ ಮುರದದ್ದು ತಿಂದಿದ್ದಕ್ಕಿಂತ ತುಳದದ್ದೇ ಹೆಚ್ಚು. ಬಾಲ ಬೋಳು ನಡುವ ಒಮ್ಮಿ ಮಲಗಿ ಎದ್ದದ."

ದೌಲತರಾಯ ಬಾಯಿ ತೆರೆದು ಕೇಳುತ್ತಿದ್ದ.

"ಇಷ್ಟೆಲ್ಲಾ ನೋಡ್ಕೋತ ಕುಂತೀರಿ! ಮತ್ತ ಒದರಲಿಲ್ಲ ಯಾಕ್ರಿ ವೈನಿ? ಹಣಮಂತ್ರಾಯನ್ನ ಓಡಸಲಿಲ್ಲ ಯಾಕ್ರಿ?"

ಶಮಶಾದ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. ಹಣಮಂತ್ರಾಯ ಗಳದ ತುದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ನಿನ್ನ ಹೊಲ ಅನ್ಕೊಂಡಿದ್ದೆ," ಎಂದಳು ಸುಭದ್ರಾಬಾಯಿ.

ದೌಲತರಾಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಮಾಳಿಗೆಯ ಕಟ್ಟೆಯ ಮೇಲೆ ಕುಸಿದು ಕೂತ. ಮೊದಲು ಭುಜ ಅಲುಗಿದವು, ಆಮೇಲೆ ಹೊಟ್ಟೆ. ತಲೆಗೆ ಸುತ್ತಿದ ಪಟಗ ಕಳಚಿ ಬಿತ್ತು. "ಮತ್ತ ಕೈ ಬೀಸಿದ್ರಿ, ವೈನಿ! ನಗ್ಕೋತ ಕೈ ಬೀಸಿದ್ರಿ!" ಎಂದು ಕಣ್ಣೀರು ಒರೆಸಿಕೊಂಡ.

"ಯವ್ವಾ, ಮಾತು ಅಂದ್ರ ಮಾತು," ಎಂದ ಜಗದೇವಪ್ಪ. ಈಗ ಅವನ ದನಿಯಲ್ಲಿ ಬೆಲ್ಲವಿತ್ತು. "ದನಾ ಬಿದ್ದಾವ, ಬೆಳಿ ಹೋಗ್ಯದ. ಕಾಕಾ, ನಾಳಿಂದ ಆ ಹೊಲಾನೂ ನೀನೇ ಮಾಡು. ಅರ್ಧಾ ಪಾಲು."

ಸುಭದ್ರಾಬಾಯಿ ವಿಭೂತಿ ಮುಟ್ಟಿದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಬಹಳ ವರ್ಷಗಳಲ್ಲಿ ಮೊದಲ ಸಲ ಅವಳು ತನ್ನ ಮೊಣಕಾಲುಗಳಷ್ಟೇ ಮುದುಕಿಯಾಗಿ ಕಂಡಳು.

ದೌಲತರಾಯನ ನಗೆ ಮಾತ್ರ ಒಮ್ಮೆಲೇ ನಿಂತಿತು. ಅವನು ಗಳದ ತುದಿಯ ದುರ್ಬೀನನ್ನು ಪೊಲೀಸರ ಜೀಪು ನೋಡಿದಂತೆ ನೋಡಿದ.

"ಬ್ಯಾಡೋ ತಮ್ಮಾ. ಆ ಹೊಲಾ ನನಗ ಬ್ಯಾಡ."

"ಯಾಕೋ ಕಾಕಾ? ಹೋದ ವರ್ಷಾ ನೀನೇ ಕೇಳಿದ್ದಿ."

"ಹೋದ ವರ್ಷಾ ಮ್ಯಾಲ ಇದು ಇರ್ಲಿಲ್ಲ. ನಾ ಬಿತ್ತಬೇಕು, ನಾ ಎಡಿ ಹೊಡೀಬೇಕು, ಇಲ್ಲಿ ವೈನಿ ಕುಂತು ನಾ ಎಷ್ಟು ಬೀಡಿ ಸೇದಿದೆ ಅಂತ ನೋಡಬೇಕು. ನನ್ನ ಹೊಲಕ್ಕ ಹೋಗಾಕೇ ನನಗ ಅಂಜಿಕಿ ಆಗ್ಯಾದ. ಮೊನ್ನೆ ಬಾವಿ ಕಟ್ಟಿ ಮ್ಯಾಲ ಜಳಕಾ ಮಾಡಾಕ ಧೋತರಾ ಬಿಚ್ಚಾಕ ಹೋದವಾ, ನೆನಪಾಗಿ, ಉಟ್ಕೊಂಡೇ ನೀರು ಸುರಕೊಂಡೆ!"

"ನಾ ಆವಾಗ ಗಿಳಿ ನೋಡಾಕತ್ತಿದ್ದೆ," ಎಂದಳು ಸುಭದ್ರಾಬಾಯಿ, ಬಹಳ ಘನತೆಯಿಂದ.

"ಬದುವಿನ ಮಣ್ಣು ಸರಿ ಮಾಡಾಕೂ ಧೈರ್ಯ ಆಗವಲ್ದು," ಎಂದುಬಿಟ್ಟ ದೌಲತರಾಯ. ಎಂದ ಮೇಲೆ ಬಾಯಿ ಮುಚ್ಚಿಕೊಂಡ. (ಬದುವಿನ ಕಲ್ಲಿನ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಹೇಳಿಕೆ ಯಾವ ಕಚೇರಿಯಲ್ಲೂ ಸಿಕ್ಕಿರಲಾರದು.)

ಜಗದೇವಪ್ಪ ಬಿಡಲಿಲ್ಲ. ಊರಿನಲ್ಲಿ ಇನ್ನೂ ನಾಲ್ಕು ಜನರನ್ನು ಕೇಳಿದ. ಎಲ್ಲರೂ ಹೊಲ ಚಲೋ ಅದ ಎಂದರು, ಮಣ್ಣು ಬಂಗಾರ ಎಂದರು, ಆಮೇಲೆ ತಲೆ ಎತ್ತಿ ಮಾಳಿಗೆಯ ಕಡೆ ನೋಡಿ, ಕೈ ಖಾಲಿ ಇಲ್ಲ ಎಂದರು. ಪಾಲಿಗೆ ಮಾಡುವವರೇ ಸಿಗದೆ ಹೊಲ ಸುಭದ್ರಾಬಾಯಿಯ ಕೈಯಲ್ಲೇ ಉಳಿಯಿತು. ಅವಳು ಇದನ್ನು ಗೆಲುವೆಂದೇ ತಿಳಿದಳು. ಸೊಸೆಯ ಸಾರಿಗೆ ಕೊತ್ತಂಬರಿ ಸಾಲದೆಂದು ಮತ್ತೆ ಹೇಳತೊಡಗಿದಳು.

ಗೆಲುವಿನ ಸುದ್ದಿ ಹೆಣ್ಣಾಳುಗಳಿಗೂ ಮುಟ್ಟಿತ್ತು. ಜೋಳ ಕೊಯ್ಯುವ ಹೊತ್ತಿಗೆ ಸುಭದ್ರಾಬಾಯಿ ಗಂಗಾಬಾಯಿಯ ಮನೆಗೆ ಹೇಳಿ ಕಳಿಸಿದಳು. ಗಂಗಾಬಾಯಿ ತನ್ನ ಗುಂಪನ್ನೆಲ್ಲ ಕರೆದುಕೊಂಡು ಅಫಜಲಪುರದ ಕಡೆ ಕಬ್ಬು ಕಡಿಯಲು ಹೊರಟು ನಿಂತಿದ್ದಳು.

"ಅಲ್ಲಿ ಕೆಲಸ ಭಾಳ ಬಿರಸು ಅಂತಾರಲ್ಲಬೇ," ಎಂದ ಹೇಳಲು ಹೋದ ಹಣಮಂತ್ರಾಯ.

"ಇರ್ಲಿ. ಅಲ್ಲಿ ಕೆಲಸಾ ಮಾಡಸೋ ಮುಕಾದಮಗ ಎರಡೇ ಕಣ್ಣು," ಎಂದಳಂತೆ ಗಂಗಾಬಾಯಿ.

ಮಾಗಿದ ಜೋಳ ಆಳಿಗಾಗಿ ಕಾಯುವುದಿಲ್ಲ. ಜಗದೇವಪ್ಪ ಮುಖ ಗಂಟು ಹಾಕಿಕೊಂಡು ಅಂಗಡಿಗೆ ಬೀಗ ಹಾಕಿದ. ಸುಭದ್ರಾಬಾಯಿ ಬಂಡಿಯಲ್ಲಿ ಹುಲ್ಲು ಹಾಸಿಸಿ, ಸೊಂಟದ ಬೈಗುಳ ಕೇಳುತ್ತ, ಹಳ್ಳ ದಾಟಿ ಬಹಳ ದಿನಗಳ ಮೇಲೆ ತನ್ನ ಹೊಲದಲ್ಲಿ ಇಳಿದಳು. ಎಮ್ಮೆ ಮೇಯ್ದ ಜಾಗವನ್ನು ಒಮ್ಮೆ ನೋಡಿದಳು, ಮತ್ತೆ ಆ ಕಡೆ ತಿರುಗಲಿಲ್ಲ. ಮಗ ಮತ್ತು ಹಣಮಂತ್ರಾಯ ಜೋಳ ಕಡಿದು ಸಾಲು ಹಾಕುತ್ತ ಹೋದರು. ಅವಳು ಸಾಲಿನ ಪಕ್ಕ ಕಾಲು ಚಾಚಿ ಕೂತು ಕುಡಗೋಲಿನಿಂದ ತೆನೆ ಕೊಯ್ಯುತ್ತ, ಸರಿಯುತ್ತ, ಕೊಯ್ಯುತ್ತ ಬಂದಳು.

ಬೆಳಗಿನ ಬಿಸಿಲು ಏರುತ್ತಿತ್ತು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಜಗದೇವಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನು ಅವ್ವನ ಮುಖ ನೋಡಿದ. ಆಕೆಯ ತುಟಿ ಒಣಗಿತ್ತು.

"ಯವ್ವಾ, ಜರಾ ಬಂಡಿ ನೆರಳಿಗಿ ಕುಂದ್ರೂನು ಬಾ. ಎಲಿ ಅಡಕಿ ಹಾಕ್ಕೋ. ಯಾರ್ ಕೇಳ್ತಾರ?"

ಸುಭದ್ರಾಬಾಯಿಗೂ ಅದೇ ಬೇಕಾಗಿತ್ತು. ಕುಡಗೋಲು ಕೆಳಗಿಟ್ಟಳು. ಸೊಂಟಕ್ಕೆ ಕೈ ಕೊಟ್ಟು ಬೆನ್ನು ನೆಟ್ಟಗೆ ಮಾಡಿ ಊರ ಕಡೆ ತಿರುಗಿದಳು. ದೂರದಲ್ಲಿ, ತನ್ನ ಮನೆಯ ಮಾಳಿಗೆಯ ಮೇಲೆ, ಪಕ್ಕಪಕ್ಕದಲ್ಲಿ ಎರಡು ಬಿಸಿಲ ಚುಕ್ಕೆ ಫಳ್ಳೆಂದವು. ಗಳ ಹಿಡಿದವಳು ಶಮಶಾದ ಇರಬೇಕು. ಗಳದ ಹಿಂದೆ ಕೂತವಳು ಯಾರೆಂದು ತಿಳಿಯಲು ಯಾವ ಗಾಜೂ ಬೇಕಿರಲಿಲ್ಲ. ಆ ಕೈ ಮೇಲೆದ್ದು, ನಿಧಾನವಾಗಿ, ಬಹಳ ಪ್ರೀತಿಯಿಂದ, ಬೀಸಿತು.

ಸುಭದ್ರಾಬಾಯಿ ಕುಡಗೋಲು ಎತ್ತಿಕೊಂಡಳು.

"ಸುಮ್ಮ ಕಡೀಯೋ ಲೇ," ಎಂದಳು ಹಲ್ಲು ಕಚ್ಚಿ. "ನಿನ್ನ ಹೇಣ್ತಿ ನೋಡಾಕತ್ತಾಳ."